ಕಾಡುಕುರಿಯ ಆರು ವರ್ಣತಂತುಗಳು

ಪ್ರಶ್ನೆ: ನಮ್ಮ ತೋಟದ ಅಂಚಿಗೆ ಬಂದು ನಾಯಿಯಂತೆ ಬೊಗಳುವ ಕಾಡುಕುರಿಗೆ ವಂಶವಾಹಿಗಳನ್ನು ಹೊರುವ ವರ್ಣತಂತುಗಳು (ಕ್ರೋಮೋಸೋಮ್‌ಗಳು) ಕೇವಲ 6 ಇವೆಯೆಂದೂ ಚೀನಾದಲ್ಲಿರುವ ಅದರ ದಾಯಾದಿಗೆ 46 ಇವೆಯೆಂದೂ ಓದಿದೆ. ಇಷ್ಟೊಂದು ವಂಶವಾಹಿಗಳನ್ನು ಕಳೆದುಕೊಂಡ ಪ್ರಾಣಿ ಬದುಕಿರುವುದಾದರೂ ಹೇಗೆ?
– ಓದುಗರೊಬ್ಬರು, ಕೊಪ್ಪ

ಉತ್ತರ: ಲೆಕ್ಕ ಸರಿ, ಊಹೆ ತಪ್ಪು. ಹೆಸರಿನಲ್ಲಿ ಕುರಿಯಿದ್ದರೂ ಜಿಂಕೆಯ ಕುಟುಂಬಕ್ಕೆ ಸೇರಿದ ಈ ಪ್ರಾಣಿಯ ಹೆಣ್ಣಿನಲ್ಲಿ 6, ಗಂಡಿನಲ್ಲಿ 7 ವರ್ಣತಂತುಗಳಿವೆಯೆಂದು ವಿಜ್ಞಾನಿಗಳಾದ ಡೋರಿಸ್ ವುರ್ಸ್ಟರ್ ಮತ್ತು ಕರ್ಟ್ ಬೆನಿರ್ಷ್ಕೆ 1970ರಲ್ಲಿ ಪ್ರಕಟಿಸಿದರು. ಸಸ್ತನಿಗಳಲ್ಲಿ ಈವರೆಗೆ ಕಂಡಿರುವ ಅತಿ ಕಡಿಮೆ ಸಂಖ್ಯೆ ಇದೇ. ಆದರೆ ಹೂವಾಡಗಿತ್ತಿ ಮೊಳ ಮೊಳ ಮಲ್ಲಿಗೆಯನ್ನು ತುದಿಗೆ ತುದಿ ಗಂಟು ಹಾಕಿ ಉದ್ದನೆಯ ಮಾಲೆ ಮಾಡಿದಾಗ ತುಂಡುಗಳ ಎಣಿಕೆ ಇಳಿಯುತ್ತದೆಯೇ ಹೊರತು ಹೂವು ಕಡಿಮೆಯಾಗುವುದಿಲ್ಲ. ಕಾಡುಕುರಿಯಲ್ಲಿ ನಡೆದಿರುವುದೂ ಹೆಚ್ಚುಕಡಿಮೆ ಅದೇ.

ಜಿಂಕೆಗಳ ಮೂಲಪುರುಷನಲ್ಲಿ 35 ಜೋಡಿ, ಅಂದರೆ 70 ವರ್ಣತಂತುಗಳಿದ್ದವು. ಎರಡೂ ಕಾಡುಕುರಿಗಳ ಸಮಾನ ಪೂರ್ವಜನಲ್ಲಿ ಆರು ಬೆಸುಗೆಗಳಾಗಿ 29 ಜೋಡಿ ಉಳಿದವು. ಸುಮಾರು 50 ಲಕ್ಷ ವರ್ಷಗಳ ಹಿಂದೆ ದಾರಿಗಳು ಕವಲೊಡೆದ ಮೇಲೆ ಚೀನಾದ ಕವಲಿನಲ್ಲಿ ಮತ್ತೆ ಆರು ಬೆಸುಗೆಗಳಾದರೆ, ನಮ್ಮ ಕಾಡುಕುರಿಯ ಕವಲಿನಲ್ಲಿ 26 ಆದವು; 29ರಲ್ಲಿ 26 ಕಳೆದರೆ ಮೂರು ಜೋಡಿ. ಲೈಂಗಿಕ ವರ್ಣತಂತುವಾದ ಎಕ್ಸ್ ಕೂಡ ಈ ಬೆಸುಗೆಯಿಂದ ತಪ್ಪಿಸಿಕೊಳ್ಳಲಿಲ್ಲ. ಅದು ಒಂದು ಸಾಮಾನ್ಯ ವರ್ಣತಂತುವಿಗೆ ಅಂಟಿಕೊಂಡಿದೆ. ಗಂಡಿನಲ್ಲಿ ಆ ಸಾಮಾನ್ಯ ವರ್ಣತಂತುವಿನ ಜೊತೆಗಾರ ಬೇರೆ, ವೈ ಬೇರೆ ಆಗಿ ಉಳಿದಿರುವುದರಿಂದಲೇ ಎಣಿಕೆ 7 ಆಗುತ್ತದೆ.

ಗಂಟು ಹಾಕಿದ್ದಕ್ಕೆ ಸಾಕ್ಷಿಯೇನೆಂದು ನೀವು ಕೇಳಬಹುದು. ಗಂಟು ಇನ್ನೂ ಕಾಣುತ್ತದೆ. ವರ್ಣತಂತುವಿನ ತುದಿಯಲ್ಲಿ ಮಾತ್ರ ಇರಬೇಕಾದ ಟೆಲೊಮಿಯರ್ ಎಂಬ ಡಿಎನ್‌ಎ ತುಣುಕುಗಳು ಕಾಡುಕುರಿಯ ವರ್ಣತಂತುಗಳ ನಡುವೆ, ಬೆಸುಗೆಯಾದ ಕಡೆಗಳಲ್ಲಿ, ಅವಶೇಷವಾಗಿ ಸಿಕ್ಕಿವೆ. ಇಂಥದೊಂದು ಗಂಟು ನಮ್ಮಲ್ಲೂ ಇದೆ. ಚಿಂಪಾಂಜಿ, ಗೊರಿಲ್ಲಾಗಳಿಗೆ 48 ವರ್ಣತಂತುಗಳಿದ್ದರೆ ಮನುಷ್ಯನಿಗೆ 46. ನಮ್ಮ ಎರಡನೆಯ ವರ್ಣತಂತುವಿನ ಒಂದೆಡೆ ‘ಟಿಟಿಎಜಿಜಿಜಿ’ ಎಂಬ, ತುದಿಯಲ್ಲಿರಬೇಕಾದ ಡಿಎನ್‌ಎ ಅಕ್ಷರಮಾಲೆ ಮತ್ತೆ ಮತ್ತೆ ಬಂದು, ಥಟ್ಟನೆ ದಿಕ್ಕು ಬದಲಿಸಿ ‘ಸಿಸಿಸಿಟಿಎಎ’ ಆಗಿ ಮುಂದುವರಿಯುತ್ತದೆ. ಎರಡು ತುದಿಗಳು ಎದುರುಬದುರಾಗಿ ಸೇರಿದಾಗ ಮಾತ್ರ ಹೀಗಾಗಲು ಸಾಧ್ಯವೆಂದು 1991ರಲ್ಲಿ ತೋರಿಸಲಾಯಿತು. ಸಂಖ್ಯೆಯನ್ನು ಬುದ್ಧಿವಂತಿಕೆಯ ಅಳತೆಗೋಲೆಂದು ಭಾವಿಸುವವರಿಗೆ ಒಂದು ಮಾತು: ನಾಯಿಗೆ 78, ಬೆಕ್ಕಿಗೆ 38.

ಪ್ರಶ್ನೆ: ಹಾಗಾದರೆ ವರ್ಣತಂತುಗಳ ಸಂಖ್ಯೆ ಹೊಂದದಿದ್ದರೆ ಸಂತಾನ ಮುಂದುವರಿಯದೆಂದು ಪಠ್ಯದಲ್ಲಿ ಕಲಿತದ್ದು ಸುಳ್ಳೇ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಪೂರ್ತಿ ಸುಳ್ಳಲ್ಲ, ಅವಸರದ ಮಾತು. 64 ವರ್ಣತಂತುಗಳ ಕುದುರೆಗೂ 62ರ ಕತ್ತೆಗೂ ಹುಟ್ಟುವ ಹೇಸರಗತ್ತೆಗೆ 63 ಇರುತ್ತವೆ ಮತ್ತು ಅದು ಸಾಮಾನ್ಯವಾಗಿ ಬಂಜೆ. ಆದರೆ ನಾವು ಸಾಕುವ ಮುರ್ರಾ, ಸುರ್ತಿ ಮುಂತಾದ ಎಮ್ಮೆಗಳಿಗೆ 50, ಆಗ್ನೇಯ ಏಷ್ಯಾದ ಗದ್ದೆಗಳಲ್ಲಿ ದುಡಿಯುವ ಜೌಗು ಎಮ್ಮೆಗಳಿಗೆ 48 ವರ್ಣತಂತುಗಳಿದ್ದರೂ ಇವೆರಡರ ಮಿಶ್ರತಳಿ 49 ವರ್ಣತಂತುಗಳೊಂದಿಗೆ ಹುಟ್ಟಿ, ಬೆಳೆದು, ಕರು ಹಾಕುತ್ತದೆ. ಜೌಗು ಎಮ್ಮೆಯಲ್ಲಿ 4 ಮತ್ತು 9ನೆಯ ವರ್ಣತಂತುಗಳು ಒಂದಾಗಿವೆ, ಅಷ್ಟೇ. ಮಿಶ್ರತಳಿಯಲ್ಲಿ ಅಂಡಾಣು ರೂಪುಗೊಳ್ಳುವಾಗ ಆ ಉದ್ದನೆಯ ವರ್ಣತಂತುವಿನ ಪಕ್ಕದಲ್ಲಿ ಎರಡು ಗಿಡ್ಡವು ಸಾಲಾಗಿ ಮಲಗಿ, ಮೂರೂ ಸೇರಿ ಜೋಡಿಯ ಕೆಲಸವನ್ನು ನಿಭಾಯಿಸುತ್ತವೆ. ಕುದುರೆ, ಕತ್ತೆಗಳ ವರ್ಣತಂತುಗಳಲ್ಲಿ ಒಂದಲ್ಲ, ಹಲವು ಕಡೆ ಬೆಸುಗೆ, ಸ್ಥಾನಪಲ್ಲಟಗಳು ನಡೆದುಹೋಗಿರುವುದರಿಂದ ಹೇಸರಗತ್ತೆಯ ಜೀವಕೋಶದಲ್ಲಿ ಯಾವುದರ ಪಕ್ಕ ಯಾವುದು ನಿಲ್ಲಬೇಕೆಂಬುದೇ ಕಗ್ಗಂಟಾಗುತ್ತದೆ.