ಸ್ನಾಯುನೋವಿಗೆಂದು ಆರಂಭಿಸಿದ ಪೂರಕ ಮಾತ್ರೆಗಳನ್ನು ಎಷ್ಟು ಕಾಲ ಸೇವಿಸಬೇಕು?

ಪ್ರಶ್ನೆ: ಕೊಲೆಸ್ಟರಾಲ್‌ಗಾಗಿ ಅಟೋರ್ವಾಸ್ಟ್ಯಾಟಿನ್ ಸೇವಿಸುತ್ತಿದ್ದಾಗ ತೊಡೆ ಮತ್ತು ಮೀನಖಂಡಗಳಲ್ಲಿ ನೋವು ಕಾಣಿಸಿಕೊಂಡಿದ್ದರಿಂದ ಅದನ್ನು ಬಿಟ್ಟೆ. ಎರಡು ವರ್ಷಗಳಿಂದ ಕೋಎನ್‌ಜೈಮ್ ಕ್ಯೂ10, ವಿಟಮಿನ್ ಡಿ ಹಾಗೂ ಕೂದಲಿಗೆಂದು ಬಯೋಟಿನ್ ಸೇವಿಸುತ್ತಿದ್ದೇನೆ. ನೋವು ಇನ್ನೂ ಪೂರ್ತಿ ಹೋಗಿಲ್ಲ. ಇವನ್ನು ಜೀವನಪರ್ಯಂತ ಮುಂದುವರಿಸಬಹುದೇ?

ಉತ್ತರ: ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಪ್ರತಿ ಪತ್ರದಲ್ಲೂ ಪೂರಕ ಮಾತ್ರೆಗಳ ಹೆಸರುಗಳು ಸಾಲಾಗಿ ಇರುತ್ತವೆ, ಈಗಿನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಎಷ್ಟು ಎಂಬುದು ಮಾತ್ರ ಇರುವುದಿಲ್ಲ. ನಿಮ್ಮ ಪತ್ರದಲ್ಲೂ ಇಲ್ಲ. ಹೃದಯವನ್ನು ಕಾಯುವ ಔಷಧ ನಿಂತು ಎರಡು ವರ್ಷವಾಯಿತು ಎಂಬುದೇ ನನ್ನ ಮೊದಲ ಚಿಂತೆ.

ಸ್ಟ್ಯಾಟಿನ್‌ನಿಂದ, ಅಂದರೆ ನಿಮ್ಮ ಅಟೋರ್ವಾಸ್ಟ್ಯಾಟಿನ್ ಗುಂಪಿನ ಕೊಲೆಸ್ಟರಾಲ್ ಔಷಧಗಳಿಂದ, ಬಂದ ನೋವು, ಔಷಧ ನಿಲ್ಲಿಸಿದ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಎರಡು ವರ್ಷವಾದರೂ ಉಳಿದಿದ್ದರೆ ಕಾರಣ ಬೇರೆಯೇ ಇರುವ ಸಾಧ್ಯತೆ ಹೆಚ್ಚು. ಕೆಲವು ವರ್ಷಗಳ ಹಿಂದೆ ನಿಮ್ಮಂತೆಯೇ ನೋವಿನಿಂದ ಬಳಲುತ್ತಿದ್ದ ಮಹಿಳೆಯೊಬ್ಬರು ಚೀಲದಿಂದ ಏಳು ಡಬ್ಬಿಗಳನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಅವರ ಟಿಎಸ್‌ಎಚ್ (ಥೈರಾಯ್ಡ್ ಕೊರತೆಯಿದ್ದರೆ ರಕ್ತದಲ್ಲಿ ಏರುವ ಹಾರ್ಮೋನ್) ವರದಿ ಸಹಜವಾಗಿತ್ತು, ಆದರೆ ಒಣಗಿದ ಚರ್ಮ ಮತ್ತು ನಿಧಾನವಾದ ಮಾತು ಬೇರೆಯದನ್ನೇ ಹೇಳುತ್ತಿದ್ದವು. ಡಬ್ಬಿಗಳಲ್ಲೊಂದು ಹೆಚ್ಚಿನ ಪ್ರಮಾಣದ ಬಯೋಟಿನ್. ಅದು ಕೆಲವು ಬಗೆಯ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆಯಾಗಿ ತೋರಿಸುತ್ತದೆ. ಒಂದು ವಾರ ಅದನ್ನು ನಿಲ್ಲಿಸಿ ಮತ್ತೆ ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕೊರತೆ ಬಯಲಾಯಿತು. ಥೈರಾಯ್ಡ್ ಕೊರತೆ ಸ್ನಾಯುನೋವು ತರುತ್ತದೆ, ಕೊಲೆಸ್ಟರಾಲ್ ಏರಿಸುತ್ತದೆ, ಸ್ಟ್ಯಾಟಿನ್ ಸ್ನಾಯುಗಳಿಗೆ ತೊಂದರೆ ಮಾಡುವ ಸಂಭವವನ್ನೂ ಹೆಚ್ಚಿಸುತ್ತದೆ. ಆದ್ದರಿಂದ ನೀವು ಬಯೋಟಿನ್ ನಿಲ್ಲಿಸಿದ ಮೇಲೆ ಟಿಎಸ್‌ಎಚ್, ವಿಟಮಿನ್ ಡಿ ಮತ್ತು ಸ್ನಾಯುಗಳಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಕ್ರಿಯಾಟಿನ್ ಕೈನೇಸ್ ಪರೀಕ್ಷೆ ಮಾಡಿಸಿ. ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು ಕಷ್ಟವಾಗುವಂಥ ನಿಶ್ಶಕ್ತಿ ಇದ್ದರೆ ತಡಮಾಡಬೇಡಿ. ಸ್ಟ್ಯಾಟಿನ್ ಬಿಟ್ಟ ಮೇಲೂ ಮುಂದುವರಿಯುವ, ದೇಹದ ಪ್ರತಿರಕ್ಷೆಯೇ ಸ್ನಾಯುವನ್ನು ನಾಶಮಾಡುವ ಅಪರೂಪದ ಕಾಯಿಲೆಯೊಂದಿದೆ, ಅದಕ್ಕೆ ಪೂರಕ ಮಾತ್ರೆ ಚಿಕಿತ್ಸೆಯಲ್ಲ.

ಇನ್ನು ಕ್ಯೂ10. ಸ್ಟ್ಯಾಟಿನ್ ತಡೆಯುವ ರಾಸಾಯನಿಕ ಹಾದಿಯಲ್ಲೇ ಅದೂ ತಯಾರಾಗುವುದರಿಂದ ರಕ್ತದಲ್ಲಿ ಅದರ ಮಟ್ಟ ಇಳಿಯುವುದು ನಿಜ. ಆದರೆ ಅದನ್ನು ನುಂಗಿದರೆ ನೋವು ಹೋಗುತ್ತದೆಯೇ ಎಂದು ನೋಡಿದ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಸ್ಟ್ಯಾಟಿನ್ ಅನ್ನೇ ಬಿಟ್ಟಿರುವ ನೀವು ಅದನ್ನು ಮುಂದುವರಿಸಲು ನನಗೆ ಕಾರಣವೇ ಕಾಣುತ್ತಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರಲ್ಲಿ ಅದು ಆ ಔಷಧದ ಪರಿಣಾಮವನ್ನು ತಗ್ಗಿಸಬಹುದು. ವಿಟಮಿನ್ ಡಿ ಕೊರತೆ ಇದ್ದರೆ ತುಂಬಿಕೊಳ್ಳಿ, ಇಲ್ಲದಿದ್ದರೆ ವರ್ಷಗಟ್ಟಲೆ ಹೆಚ್ಚಿನ ಪ್ರಮಾಣ ಬೇಡ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಕೊಲೆಸ್ಟರಾಲ್ ಔಷಧದ ಬಾಗಿಲು ನಿಮಗೆ ಮುಚ್ಚಿಲ್ಲ. ತೊಂದರೆಯಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟ್ಯಾಟಿನ್ ನುಂಗಿದ ತಿಂಗಳುಗಳ ತೊಂದರೆಯ ಸುಮಾರು ಶೇ 90ರಷ್ಟು, ಔಷಧವಿಲ್ಲದ ಹುಸಿಮಾತ್ರೆ ನುಂಗಿದಾಗಲೂ ಕಂಡುಬಂತು. ನೋವು ಸುಳ್ಳೆಂದು ಇದರ ಅರ್ಥವಲ್ಲ, ಅದು ನಿಜವಾದ ನೋವೇ. ಆದರೆ ಮರಳಿ ಪ್ರಯತ್ನಿಸಲು ಇದು ಬಲವಾದ ಕಾರಣ. ಇನ್ನೊಂದು ಸ್ಟ್ಯಾಟಿನ್ ಆದ ರೋಸುವಾಸ್ಟ್ಯಾಟಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ದಿನ ಬಿಟ್ಟು ದಿನ ಕೊಟ್ಟು ನೋಡಬಹುದು. ಆಗದಿದ್ದರೆ ಸ್ಟ್ಯಾಟಿನ್ ಅಲ್ಲದ ಔಷಧಗಳಲ್ಲಿ ಎಜೆಟಿಮೈಬ್ ಇದೆ, ಸ್ನಾಯುವಿನಲ್ಲಿ ಸಕ್ರಿಯವಾಗದ ಬೆಂಪೆಡೋಯಿಕ್ ಆಮ್ಲ ಇದೆ, ಚುಚ್ಚುಮದ್ದುಗಳಿವೆ. ಯಾವುದು ಎಂಬುದನ್ನು ನಿಮ್ಮ ವೈದ್ಯರೊಡನೆ ಕುಳಿತು ತೀರ್ಮಾನಿಸಿ.

ಪ್ರಶ್ನೆ: ಕೊಲೆಸ್ಟರಾಲ್ ಇಳಿಸಲೆಂದು ಮಾರುವ ರೆಡ್ ಈಸ್ಟ್ ರೈಸ್ (ಹುದುಗಿಸಿದ ಕೆಂಪು ಅಕ್ಕಿ) ನೈಸರ್ಗಿಕವಾದ್ದರಿಂದ ಸುರಕ್ಷಿತವಲ್ಲವೇ?

ಉತ್ತರ: ಅಲ್ಲ. ಅದರಲ್ಲಿರುವ ಮೊನಾಕೊಲಿನ್ ಕೆ ಎಂಬುದು ಲೋವಾಸ್ಟ್ಯಾಟಿನ್ನೇ. ಪ್ರಮಾಣ ಎಷ್ಟೆಂದು ತಿಳಿಯದೆ ಸ್ಟ್ಯಾಟಿನ್ ನುಂಗಿದಂತೆ.

ಪ್ರಶ್ನೆ: ರಕ್ತನಾಳಗಳನ್ನು ತೊಳೆಯುವ ಚೂರ್ಣವೊಂದನ್ನು ಕೊಡುವವರು ಸ್ಟ್ಯಾಟಿನ್ ಬಿಡಲು ಹೇಳಿದ್ದಾರೆ.

ಉತ್ತರ: ರಕ್ತನಾಳ ತೊಳೆಯುವ ಚೂರ್ಣ ಯಾವುದೂ ಇಲ್ಲ. ಬಿಡಬೇಕಾದದ್ದು ಅವರ ಸಹವಾಸ.

ಪ್ರಶ್ನೆ: ಸ್ಟ್ಯಾಟಿನ್ ಜೊತೆ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಆರಂಭಿಸಿದ ಮೇಲೆ ಮೈಯೆಲ್ಲ ನೋವು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದೆ. ನೀರು ಹೆಚ್ಚು ಕುಡಿದರೆ ಸಾಕೇ?

ಉತ್ತರ: ಸಾಲದು. ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರಬಹುದು. ಇಂಥದ್ದನ್ನು ಬರೆದು ಉತ್ತರಕ್ಕೆ ಕಾಯಬಾರದು; ಸ್ಟ್ಯಾಟಿನ್ ನುಂಗುವುದನ್ನು ನಿಲ್ಲಿಸಿ, ಎಲ್ಲ ಮಾತ್ರೆಗಳ ಚೀಟಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ.