ತಂತಿ ತಾಪತ್ರಯ: ಹಳೇ ಕಾಲದ ಸಾಮಾನು, ಈಗಿನ ಗಿಟಾರು

ಪ್ರಶ್ನೆ: ಸರ್, ನನ್ನದು ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಆಕಾರದ, ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್. ಬಾಡಿ, ನೆಕ್ ಎರಡೂ ಗಟ್ಟಿಯಾಗಿವೆ. 1950ರ ದಶಕದ ಶೈಲಿಯ ಬ್ರಿಡ್ಜ್, ಟ್ಯೂನಿಂಗ್ ಕೀ, ಪಿಕಪ್, ಬಟ್ಟೆ ಸುತ್ತಿದ ವೈರು ಎಲ್ಲವನ್ನೂ ಒಟ್ಟಿಗೆ ತರಿಸಿ ಹಾಕಿಸೋಣ ಅಂತಿದ್ದೇನೆ. ಆ ಕಾಲದ ಧ್ವನಿ ಬರುತ್ತದೆಯೇ?
– ಓದುಗರೊಬ್ಬರು, ಆಲ್ದೂರು

ಉತ್ತರ: ದುಡ್ಡು ಕಟ್ಟುವ ಮೊದಲು ಒಂದು ಸ್ಟೀಲ್ ಸ್ಕೇಲ್ ಹಿಡಿದು ಕೂತುಕೊಳ್ಳಿ. ಹಳೇ ಶೈಲಿ ಅಂದರೆ ಹಳೇ ಅಳತೆ ಕೂಡ. ಅದು ನಿಮ್ಮ ಗಿಟಾರಿನ ಅಳತೆ ಆಗಿರಬೇಕು ಅಂತೇನಿಲ್ಲ.

ನಾನು ಕೈ ಸುಟ್ಟುಕೊಂಡದ್ದೇ ಬ್ರಿಡ್ಜ್, ಅಂದರೆ ಬಾಡಿಯ ಮೇಲೆ ತಂತಿ ಹಿಡಿದಿಡುವ ಲೋಹದ ಭಾಗದ ವಿಷಯದಲ್ಲಿ. ಆಗ ಹಾಸನದಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ಅಕ್ಕನ ಮಗನ ಗಿಟಾರಿಗೆ ಅಂತ ತಗಡು ಬಗ್ಗಿಸಿ ಮಾಡಿದ ಸ್ಯಾಡಲ್ (ತಂತಿ ಕೂರುವ ಪುಟ್ಟ ಆಸರೆ) ಇರುವ, ಆರು ಸ್ಕ್ರೂವಿನ ಬ್ರಿಡ್ಜ್ ತರಿಸಿದೆ. ಇಟ್ಟು ನೋಡಿದರೆ ನಡುವಿನ ಎರಡು ತೂತು ಹೆಚ್ಚುಕಡಿಮೆ ಸರಿ, ಅಂಚಿನವು ಪೂರ್ತಿ ಆಚೆಗೆ! ಹಳೇ ಅಮೆರಿಕನ್ ಅಳತೆಯಲ್ಲಿ ಮೊದಲ ಸ್ಕ್ರೂವಿನಿಂದ ಆರನೆಯದಕ್ಕೆ 56 ಮಿ.ಮೀ. ಚಿಲ್ಲರೆ. ಏಷ್ಯಾದಲ್ಲಿ ತಯಾರಾಗುವ ಎಷ್ಟೋ ಗಿಟಾರುಗಳಲ್ಲಿ 52.5. ಊದುಬತ್ತಿಯ ಬುಡದ ಕಡ್ಡಿಗೆ ಫೆವಿಕಾಲ್ ಹಚ್ಚಿ ಹಳೇ ತೂತೆಲ್ಲ ಮುಚ್ಚಿದೆ. "ಏನೋ, ಗಿಟಾರಿಗೂ ಪೂಜೆನಾ?" ಅಂದಳು ಅಕ್ಕ. ರಾತ್ರಿಯಿಡೀ ಒಣಗಿಸಿ, ಹೊಸದಾಗಿ ತೂತು ಕೊರೆದು, ಬ್ರಿಡ್ಜ್ ಕೂರಿಸಿದೆ. ಆಮೇಲೆ ಹಿಂದೆ ತಿರುಗಿಸಿ ನೋಡಿದರೆ ಬ್ರಿಡ್ಜಿನ ತಳದ ಉಕ್ಕಿನ ಬ್ಲಾಕು ಬಾಡಿಯಿಂದ ಹೊರಗೆ ಇಣುಕುತ್ತಿತ್ತು. ಆ ಗಿಟಾರಿನ ಬಾಡಿಯೇ ತೆಳ್ಳಗಿತ್ತು. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಇವತ್ತಿಗೂ ಅವರ ಮನೆ ಡ್ರಾಯರಿನಲ್ಲಿದೆ. ಹಾಗಾಗಿ ಸ್ಕ್ರೂ ಅಂತರ, ಬಾಡಿಯ ದಪ್ಪ ಎರಡನ್ನೂ ಅಳೆಯಿರಿ. ನಿಮ್ಮ ಬ್ರಿಡ್ಜ್ ಚೆನ್ನಾಗಿಯೇ ಇದ್ದರೆ ಅದೇ ಅಳತೆಯ ಉಕ್ಕಿನ ಬ್ಲಾಕ್ ಮಾತ್ರ ಸಿಗುತ್ತದಾ ನೋಡಿ. ಸತುವಿನ ಎರಕದ ಬ್ಲಾಕಿಗಿಂತ ಅದು ವಾಸಿ.

ಟ್ಯೂನಿಂಗ್ ಕೀಗೂ ಇದೇ ಕಥೆ. ಹಳೇ ನಮೂನೆಗೆ ತೂತು 8.5 ಮಿ.ಮೀ. ಆಸುಪಾಸು ಇರಬೇಕು, ಈಗಿನ ಗಿಟಾರುಗಳಲ್ಲಿ ಸಾಮಾನ್ಯವಾಗಿ 10. ನಡುವೆ ತೂರಿಸುವ ಉಂಗುರ ಸಿಗುತ್ತದೆ, ಮರೆಯದೆ ಜೊತೆಗೇ ತರಿಸಿ. ಆ ಕೀಗಳು ನನಗೆ ತುಂಬಾ ಇಷ್ಟ. ತಂತಿಯನ್ನು ಮೊದಲೇ ಕತ್ತರಿಸಿ, ತುದಿಯನ್ನು ಕಂಬದ ನಡುವಿನ ತೂತಿಗೆ ಇಳಿಸಿ, ಬಗ್ಗಿಸಿ ಸುತ್ತೋದು. ತುದಿ ಒಳಗೇ ಅಡಗುತ್ತದೆ, ಬೆರಳಿಗೆ ಚುಚ್ಚಲ್ಲ.

ಧ್ವನಿ ನಿಜವಾಗಿ ಬದಲಾಗೋದು ಪಿಕಪ್‌ನಲ್ಲಿ, ಅಂದರೆ ತಂತಿಯ ಕಂಪನ ಹಿಡಿಯುವ ಮ್ಯಾಗ್ನೆಟ್-ಸುರುಳಿಯಲ್ಲಿ. ಅಗ್ಗದ ಪಿಕಪ್ ಬಿಚ್ಚಿ ನೋಡಿ, ತಳದಲ್ಲಿ ಕಪ್ಪು ಸಿರಾಮಿಕ್ ಪಟ್ಟಿ ಅಂಟಿಸಿರುತ್ತಾರೆ. ಹಳೇ ಶೈಲಿಯದರಲ್ಲಿ ತಂತಿಗೊಂದರಂತೆ ಇರುವ ಆರೂ ಗುಂಡುಗಳೇ ಆಲ್ನಿಕೋ (ಒಂದು ಮಿಶ್ರಲೋಹ) ಮ್ಯಾಗ್ನೆಟ್. ಆದರೆ ಅವುಗಳ ಎತ್ತರ ಒಂದೊಂದೂ ಒಂದೊಂಥರ. 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್ ಬಂದಾಗ ಮೂರನೇ ತಂತಿಯೂ ಸುತ್ತು ಇರುವ ದಪ್ಪ ತಂತಿ, ಅದರ ಸದ್ದು ಕಡಿಮೆ. ಅದಕ್ಕೇ ಆ ತಂತಿಯ ಕೆಳಗಿನ ಗುಂಡು ಎತ್ತರ. ನೀವು ಹಾಕೋದು ಸಾದಾ ಮೂರನೇ ತಂತಿ, ಅಲ್ವಾ? ಅದೊಂದೇ ಅರಚಿದ ಹಾಗೆ ಕೇಳಿಸುತ್ತದೆ. ಸುಮ್ನೆ ಸಮ ಎತ್ತರದ ಗುಂಡು ಇರೋದನ್ನೇ ತಗೊಳ್ಳಿ. ಹಳೇ ಕಾಲದ ಅಭಿಮಾನಿಗಳು ನನ್ನ ಮೇಲೆ ಸಿಟ್ಟಾದರೆ ಆಗಲಿ.

ಬಟ್ಟೆ ವೈರಿನಿಂದ ಧ್ವನಿಗೆ ಏನೂ ಆಗಲ್ಲ, ಬೆಸುಗೆ ಹಾಕುವವನಿಗೆ ಸುಖ ಅಷ್ಟೇ. ಬಟ್ಟೆ ಹಿಂದಕ್ಕೆ ತಳ್ಳಿ ಬೆಸುಗೆ ಹಾಕಿ, ಮತ್ತೆ ಮುಂದಕ್ಕೆ ಎಳೆದರಾಯಿತು. ವಾಲ್ಯೂಮ್, ಟೋನ್ ತಿರುಗಿಸುವ ಪಾಟ್ 250 ಕಿಲೋ ಓಮ್ ಇರಲಿ. ಅಮೆರಿಕನ್ ಅಳತೆಯದಾದರೆ ಪಿಕ್‌ಗಾರ್ಡ್ (ಮುಂಭಾಗದ ಪ್ಲಾಸ್ಟಿಕ್ ಹಲಗೆ) ತೂತನ್ನು ದುಂಡು ಅರದಿಂದ ಸ್ವಲ್ಪ ದೊಡ್ಡದು ಮಾಡಬೇಕಾಗಬಹುದು. ಟೋನ್ ಪಾಟಿಗೆ ಹಾಕುವ ಎಣ್ಣೆಕಾಗದದ ಕೆಪಾಸಿಟರಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಹಸಿರು ಬಣ್ಣದ ಮಾಮೂಲಿ ಕೆಪಾಸಿಟರೂ ಅದೇ ಕೆಲಸ ಮಾಡುತ್ತದೆ, ಬೆಲೆ ಚಿಲ್ಲರೆ ಕಾಸು. ಮತ್ತೆ ಪಿಕಪ್ ಆರಿಸುವ, ಮೂರು ಸ್ಥಾನದ ಹಳೇ ಸ್ವಿಚ್ಚಂತೂ ಬೇಡವೇ ಬೇಡ. ಆಗಿನವರು ಅದನ್ನು ನಡುವೆ ಸಿಕ್ಕಿಸಿ ಬೇರೆ ಧ್ವನಿ ತೆಗೆಯುತ್ತಿದ್ದರು. ಫೆಂಡರ್ ಕಂಪನಿಯೇ ಕೊನೆಗೆ 1977ರಲ್ಲಿ ಐದು ಸ್ಥಾನದ್ದು ಕೊಟ್ಟಿತು.

ಒಂದು ಮಾತು ಬಿಟ್ಟಿದ್ದೆ. ನಿಮ್ಮೂರಿನ ಮಳೆ! ಸ್ಯಾಡಲ್ ಎತ್ತರದ ಪುಟ್ಟ ಸ್ಕ್ರೂಗಳು ತುಕ್ಕು ಹಿಡಿದು ಕೂತುಬಿಟ್ಟರೆ ಅಲನ್ ಕೀಯೇ ಸವೆಯುತ್ತದೆ, ಸ್ಕ್ರೂ ಅಲ್ಲಾಡಲ್ಲ. ಜೂನ್‌ಗೆ ಮೊದಲು ಒಂದೊಂದಕ್ಕೂ ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ ಬಿಡಿ. ಗಿಟಾರನ್ನು ಗೋಡೆಗೆ ನೇತುಹಾಕದೆ ಪೆಟ್ಟಿಗೆಯಲ್ಲಿಡಿ.

ಪ್ರಶ್ನೆ: ಹಳೇ ಶೈಲಿಯ ಪಿಕಪ್ ಹಾಕಿಸಿದಾಗಿನಿಂದ ಆಂಪ್ (ಆಂಪ್ಲಿಫೈಯರ್) ಗುಂಯ್ ಅನ್ನುತ್ತದೆ. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ. ವೈರಿಂಗ್ ತಪ್ಪಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ತಂತಿ ಮುಟ್ಟಿದಾಗ ಕಡಿಮೆಯಾದರೆ ತಂತಿಯ ಗ್ರೌಂಡ್ ವೈರು ಸರಿ ಇದೆ ಅಂತ ಅರ್ಥ. ಒಂಟಿ ಸುರುಳಿಯ ಪಿಕಪ್ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಹಿಡಿದೇ ಹಿಡಿಯುತ್ತದೆ. ಟ್ಯೂಬ್‌ಲೈಟ್ ಆರಿಸಿ, ಕೂತಲ್ಲೇ ಸ್ವಲ್ಪ ತಿರುಗಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ನಡುವಿನ ಪಿಕಪ್ ಮಾತ್ರ ಉಲ್ಟಾ ಸುತ್ತಿದ, ಉಲ್ಟಾ ಮ್ಯಾಗ್ನೆಟ್‌ನದು ಹಾಕಿಸಿದರೆ ಐದು ಸ್ಥಾನದ ಸ್ವಿಚ್ಚಿನ ಎರಡು, ನಾಲ್ಕನೇ ಸ್ಥಾನದಲ್ಲಿ, ಅಂದರೆ ಎರಡು ಪಿಕಪ್ ಒಟ್ಟಿಗೆ ನುಡಿಯುವಾಗ, ಗುಂಯ್ ಹೋಗುತ್ತದೆ. ಆದರೆ ತಂತಿ ಮುಟ್ಟಿದಾಗ ಬೆರಳು ಜುಂ ಅಂದರೆ ಅದು ಬೇರೆ ವಿಷಯ. ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್‌ಗೆ ಹೇಳಿ ಮನೆಯ ಅರ್ಥಿಂಗನ್ನೂ ಆಂಪನ್ನೂ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಗಿಟಾರ್ ಸಿಕ್ಕಿಸಬೇಡಿ.