ಕಲಬುರಗಿಯಲ್ಲೇ ಕುಳಿತು ಅನಿಮೇಷನ್, ವಿಎಫ್‌ಎಕ್ಸ್ ಕೆಲಸದಲ್ಲಿ ಬದುಕಬಹುದೇ?

ನೀವು ಯಾದಗಿರಿ ಕಡೆಯವರು, ಅನಿಮೇಷನ್ ಕೋರ್ಸ್ ಮುಗಿಸಿದ್ದೀರಿ, ತಂದೆ ತಾಯಿಯನ್ನು ಬಿಟ್ಟು ಬೆಂಗಳೂರಿನಷ್ಟು ದೂರ ಹೋಗಲು ಮನಸ್ಸಿಲ್ಲ. ಕಲಬುರಗಿಯಲ್ಲಿ ಒಂದು ಕೋಣೆ ಹಿಡಿದು ಸ್ವತಂತ್ರವಾಗಿ ಅನಿಮೇಷನ್, ವಿಎಫ್‌ಎಕ್ಸ್ (ಚಿತ್ರೀಕರಿಸಿದ ದೃಶ್ಯಕ್ಕೆ ಕಂಪ್ಯೂಟರ್‌ನಲ್ಲಿ ಮಾಡುವ ಕೈಚಳಕ) ಕೆಲಸ ಆರಂಭಿಸಬಹುದೇ ಎಂದು ಕೇಳಿದ್ದೀರಿ. ಏಳು ವರ್ಷಗಳಿಂದ ನಾನು ಇಲ್ಲಿ ಅದನ್ನೇ ಮಾಡುತ್ತಿದ್ದೇನೆ. ಖಂಡಿತ ಮಾಡಬಹುದು, ಆದರೆ ಈಗಲೇ ಬೇಡ. ಮೊದಲು ಎರಡು ವರ್ಷ ಹೈದರಾಬಾದಿನ ಯಾವುದಾದರೂ ಸ್ಟುಡಿಯೋದಲ್ಲಿ ದುಡಿದು ಬನ್ನಿ. ರೈಲಿನಲ್ಲಿ ನಾಲ್ಕೈದು ಗಂಟೆಯ ದಾರಿ, ರಜೆ ಸಿಕ್ಕಾಗ ಊರಿಗೆ ಬಂದು ಹೋಗಬಹುದು.

ಸಾಫ್ಟ್‌ವೇರ್ ಕಲಿಯಲು ಯಾರೂ ಊರು ಬಿಡಬೇಕಾಗಿಲ್ಲ. ಅನಿಮೇಷನ್ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಪಾಠಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಕಣ್ಣು ಪಳಗುವುದು ಮಾತ್ರ ಇನ್ನೊಬ್ಬರ ಪಕ್ಕದಲ್ಲಿ ಕುಳಿತಾಗಲೇ. ಸ್ಟುಡಿಯೋದಲ್ಲಿ ನನಗೆ ಸಿಕ್ಕ ಮೊದಲ ರೋಟೋ (ಅಂಚಿನ ಸುತ್ತ ಗೆರೆ ಎಳೆದು ವ್ಯಕ್ತಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಕೆಲಸ) ಶಾಟ್ ಇನ್ನೂ ನೆನಪಿದೆ: ಧೋತರ ಉಟ್ಟ ಮುದುಕರೊಬ್ಬರು ಗಾಳಿಗೆ ಎದುರಾಗಿ ನಡೆಯುತ್ತಾರೆ, ನಾಲ್ಕು ಸೆಕೆಂಡು, ಸೆಕೆಂಡಿಗೆ 24 ಚಿತ್ರದಂತೆ 96 ಫ್ರೇಮ್. ಅವರನ್ನು ಹಿನ್ನೆಲೆಯಿಂದ ಬಿಡಿಸಬೇಕಿತ್ತು. ನಾನು ಇಡೀ ದೇಹಕ್ಕೆ ಒಂದೇ ಗೆರೆ ಸುತ್ತಿ, ಪ್ರತಿ ಫ್ರೇಮಿಗೂ ಕೀ (ಗೆರೆ ಎಲ್ಲಿರಬೇಕೆಂದು ಕೈಯಾರೆ ಹಾಕುವ ಗುರುತು) ಹಾಕುತ್ತಾ ಎರಡು ದಿನ ಕಳೆದೆ. ಓಡಿಸಿ ನೋಡಿದರೆ ಅಂಚು ಪೂರ್ತಿ ನಡುಗುತ್ತಿತ್ತು. ನಮ್ಮ ತಂಡದ ಲೀಡ್ ಒಂದೂ ಮಾತಾಡದೆ ಅಷ್ಟನ್ನೂ ಅಳಿಸಿದರು. ಆಮೇಲೆ ಹೇಳಿಕೊಟ್ಟರು: ತಲೆ ಬೇರೆ, ತೋಳು ಬೇರೆ, ಮುಂಗೈ ಬೇರೆ, ಧೋತರದ ಒಂದೊಂದು ನೆರಿಗೆಗೂ ಬೇರೆ ಆಕಾರ. ಚಲನೆ ಎಲ್ಲಿ ದಿಕ್ಕು ಬದಲಿಸುತ್ತದೆಯೋ ಆ ಫ್ರೇಮಿನಲ್ಲಿ ಮಾತ್ರ ಕೀ. ನಡುವಿನದನ್ನು ಯಂತ್ರ ತುಂಬಲಿ, ಅದು ತಪ್ಪಿದಲ್ಲಿ ಮಾತ್ರ ನೀನು ತಿದ್ದು ಎಂದರು. ಎರಡನೇ ಸಲ ಕೀಗಳು ಅರ್ಧಕ್ಕಿಂತ ಕಡಿಮೆಯಾದವು, ಅಂಚು ಅಲುಗಲಿಲ್ಲ. ಮನೆಯಲ್ಲಿ ಒಬ್ಬನೇ ಕುಳಿತಿದ್ದರೆ ನಡುಗುವ ಅಂಚನ್ನೇ ಚೆನ್ನಾಗಿದೆ ಎಂದುಕೊಂಡು ಗ್ರಾಹಕರಿಗೆ ಕಳುಹಿಸಿಬಿಡುತ್ತಿದ್ದೆ.

ಇನ್ನು, ಇಲ್ಲಿ ಎಂಥ ಕೆಲಸ ಸಿಗುತ್ತದೆ? ದೊಡ್ಡ ಸಿನಿಮಾದ ಶಾಟ್‌ಗಳು ಮನೆಗೆ ಬರುವುದು ಅಪರೂಪ. ಬಿಡುಗಡೆಗೆ ಮುನ್ನ ದೃಶ್ಯ ಹೊರಗೆ ಹೋಗದಂತೆ ನಿರ್ಮಾಪಕರು ಸ್ಟುಡಿಯೋಗಳಿಗೆ ಕಟ್ಟುನಿಟ್ಟಿನ ಷರತ್ತು ಹಾಕಿರುತ್ತಾರೆ. ನನ್ನ ಕೈಗೆ ಬರುವುದು ಭಕ್ತಿಗೀತೆಯ ವಿಡಿಯೋಗಳಲ್ಲಿ ವಿದ್ಯುತ್ ತಂತಿ, ಮೊಬೈಲ್ ಟವರ್ ಅಳಿಸುವುದು, ಕಿರುಚಿತ್ರಗಳಲ್ಲಿ ಹಸಿರು ಪರದೆ ತೆಗೆದು ಬೇರೆ ಹಿನ್ನೆಲೆ ಕೂರಿಸುವುದು, ಜಾಹೀರಾತು. ಇವೆಲ್ಲಕ್ಕಿಂತ ಹೆಚ್ಚಾಗಿ ಯಂತ್ರಗಳು. ಈ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ದಾಲ್ ಮಿಲ್‌ಗಳಿವೆ. ಒಳಗೆ ಏನು ನಡೆಯುತ್ತದೆ ಎಂದು ತೋರಿಸಲು ಅವರಿಗೆ ಕ್ಯಾಮೆರಾ ಸಾಲದು, ಅನಿಮೇಷನ್ನೇ ಬೇಕು. ಒಂದು ದಾಲ್ ಮಿಲ್‌ನವರಿಗೆ ತೊಗರಿ ಬೇಳೆಯಾಗುವ ಬಗೆಯನ್ನು ಮಾಡಿಕೊಟ್ಟೆ: ಒರಟು ಎಮರಿ ಕಲ್ಲಿನ ಉರುಳೆಯಲ್ಲಿ ಸಿಪ್ಪೆ ಗೀರಿಸಿಕೊಂಡು, ಎಣ್ಣೆ ಸವರಿಸಿಕೊಂಡು, ನೀರು ಕುಡಿದು, ಒಣಗಿ, ಆಮೇಲೆ ಸಿಪ್ಪೆ ಕಳಚಿ ಇಬ್ಭಾಗವಾಗುವ ಕಾಳು. ಮೊದಲ ಕರಡಿನಲ್ಲಿ ಹೊಟ್ಟನ್ನು ಹೂವಿನ ಎಸಳಿನಂತೆ ನಾಲ್ಕೂ ಕಡೆ ಹಾರಿಸಿದ್ದೆ. ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ನೋಡಿ, "ಹೊಟ್ಟು ಹೀಗೆ ಹಾರುವುದಿಲ್ಲ, ಫ್ಯಾನು ಎಳೆದ ಕಡೆಗೇ ಹೋಗುತ್ತದೆ" ಎಂದರು. ಎರಡು ದಿನ ಮಿಲ್‌ನಲ್ಲಿ ನಿಂತು ಧೂಳು ಕುಡಿದು ಬಂದು ಮತ್ತೆ ಮಾಡಿದೆ. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ಮುಷ್ಕರ ಹೂಡಿದಾಗ ಅಲ್ಲಿಂದ ಸ್ಟುಡಿಯೋಗಳಿಗೆ ಬರುವ ಕೆಲಸ ನಿಂತು, ನನ್ನ ಹಳೆಯ ಸಹೋದ್ಯೋಗಿಗಳು ಕೆಲಸವಿಲ್ಲದೆ ಕುಳಿತಿದ್ದರು. ನನಗೆ ಅನ್ನ ಹಾಕಿದ್ದು ಈ ಬೇಳೆ. ಇಂಥ ಕೆಲಸವನ್ನು ಕೀಳೆಂದು ತಿಳಿಯಬೇಡಿ.

ಬೇಸಿಗೆಯ ಬಗ್ಗೆ ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ಮೂವತ್ತು ಸೆಕೆಂಡಿನ ವಿಡಿಯೋ ಎಂದರೆ 720 ಫ್ರೇಮ್. ಫ್ರೇಮಿಗೆ ನಾಲ್ಕು ನಿಮಿಷ ಹಿಡಿದರೂ ರೆಂಡರ್ (ಕಂಪ್ಯೂಟರ್ ಒಂದೊಂದು ಫ್ರೇಮನ್ನೂ ಅಂತಿಮ ಚಿತ್ರವಾಗಿ ಮಾಡುವುದು) ಮುಗಿಯಲು 48 ಗಂಟೆ ಬೇಕು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ, ಆರ್‌ಸಿಸಿ ಮಾಳಿಗೆಯ ಕೋಣೆ ಒಲೆಯಾಗಿರುತ್ತದೆ, ಗ್ರಾಫಿಕ್ಸ್ ಕಾರ್ಡ್ ಕಾದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸಂಜೆ ಗಾಳಿ ಮಳೆ ಬಂದರೆ ಕರೆಂಟ್ ಹೋಗುತ್ತದೆ. ಆದ್ದರಿಂದ ಎಂದೂ ನೇರವಾಗಿ ವಿಡಿಯೋ ಫೈಲ್ ಆಗಿ ರೆಂಡರ್ ಮಾಡಬೇಡಿ. ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಚಿತ್ರಗಳ ಸರಣಿಯಾಗಿ ತೆಗೆಯಿರಿ. ಕರೆಂಟ್ ಹೋದರೆ ಹಾಳಾಗುವುದು ಅರ್ಧಕ್ಕೆ ನಿಂತ ಒಂದು ಫ್ರೇಮ್ ಮಾತ್ರ, ಮುಂದಿನದರಿಂದ ಮತ್ತೆ ಶುರು ಮಾಡಬಹುದು. ನಾನು ಇದನ್ನು ಕಲಿತದ್ದು 31 ಗಂಟೆಯ ಕೆಲಸ ಕಳೆದುಕೊಂಡ ಮೇಲೆ. ಯುಪಿಎಸ್ ಇಲ್ಲದೆ ಕಂಪ್ಯೂಟರ್ ಕೊಳ್ಳಬೇಡಿ. ಕೂಲರ್ ಇಟ್ಟರೆ ಅದರ ತೇವದ ಗಾಳಿ ಸಿಪಿಯು ಮೇಲೆ ಬೀಸದಂತೆ ನೋಡಿಕೊಳ್ಳಿ.

ಹಣದ ವಿಷಯದಲ್ಲಿ ನಾನು ನೊಂದಿದ್ದೇನೆ. ಬೆಂಗಳೂರಿನ ಒಂದು ಜಾಹೀರಾತು ಸಂಸ್ಥೆ ಫೋನಿನಲ್ಲೇ ಕೆಲಸ ಒಪ್ಪಿಸಿ, "ಸ್ವಲ್ಪ ಬದಲಾವಣೆ" ಎನ್ನುತ್ತಾ ಒಂಬತ್ತು ಸಲ ತಿದ್ದಿಸಿ, ಹಣವನ್ನು ಏಳು ತಿಂಗಳ ಮೇಲೆ ಕೊಟ್ಟಿತು, ಅದೂ ಅರ್ಧ. ಅಂದಿನಿಂದ ಅರ್ಧ ಮುಂಗಡವಿಲ್ಲದೆ ನಾನು ಕಂಪ್ಯೂಟರ್ ಮುಂದೆ ಕೂರುವುದಿಲ್ಲ. ಬಣ್ಣ, ಬೆಳಕು ಹಾಕುವ ಮುನ್ನ ಬೂದು ಬಣ್ಣದ ಕರಡು ಚಲನೆಯನ್ನು ತೋರಿಸಿ ಇಮೇಲ್‌ನಲ್ಲಿ ಒಪ್ಪಿಗೆ ಪಡೆಯುತ್ತೇನೆ. ಎರಡಕ್ಕಿಂತ ಹೆಚ್ಚು ತಿದ್ದುಪಡಿಗೆ ಬೇರೆ ದರ. ಸಣ್ಣ ಉದ್ಯಮಗಳ ನೋಂದಣಿಗೆ ಸರ್ಕಾರ ಮಾಡಿರುವ ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದವರಿಂದ ಕೆಲಸ ಪಡೆದವರು ಒಪ್ಪಂದ ಏನೇ ಇರಲಿ 45 ದಿನದೊಳಗೆ ಹಣ ಕೊಡಬೇಕು. ಬಿಲ್ಲಿನಲ್ಲಿ ಆ ನೋಂದಣಿ ಸಂಖ್ಯೆ ಬರೆದ ಮೇಲೆ ನನ್ನ ಹಣ ಬೇಗ ಬರುತ್ತಿದೆ.

ರೋಟೋವನ್ನು ಈಗ ಎಐ ಮಾಡುತ್ತದೆಯಲ್ಲ ಎಂದೂ ಕೇಳಿದ್ದೀರಿ. ಮಾಡುತ್ತದೆ, ನಾನೂ ಬಳಸುತ್ತೇನೆ. ಕೂದಲು, ವೇಗಕ್ಕೆ ಮಸುಕಾದ ಬೆರಳು, ಒಂದರ ಮೇಲೊಂದು ಹಾಯುವ ಕೈ ಬಂದಾಗ ಅದು ತಪ್ಪುತ್ತದೆ, ಆ ತಪ್ಪನ್ನು ಗುರುತಿಸುವವರಿಗೇ ಈಗ ಕೂಲಿ.

ಹೈದರಾಬಾದಿಗೆ ಅರ್ಜಿ ಹಾಕುವ ಮುನ್ನ ಒಂದು ಶಾಟ್ ಮಾಡಿ. ನಿಮ್ಮ ತಾಯಿ ಜೋಳದ ರೊಟ್ಟಿ ಬಡಿಯುವಾಗ ಅವರ ಕೈಗಳನ್ನು ಮೊಬೈಲಿನಲ್ಲಿ ಐದು ಸೆಕೆಂಡು ಚಿತ್ರೀಕರಿಸಿ. ಮೊಬೈಲ್ ವಿಡಿಯೋದಲ್ಲಿ ಫ್ರೇಮ್‌ಗಳ ಅಂತರ ಏರುಪೇರಾಗಿರುತ್ತದೆ, ಮೊದಲು ಅದನ್ನು ಚಿತ್ರಗಳ ಸರಣಿಯಾಗಿ ಬದಲಿಸಿಕೊಳ್ಳಿ. ಆಮೇಲೆ ಕೈ, ಬಳೆ, ರೊಟ್ಟಿ, ಏಳುವ ಹಿಟ್ಟಿನ ಧೂಳು, ನಾಲ್ಕನ್ನೂ ಬೇರೆ ಬೇರೆಯಾಗಿ ಬಿಡಿಸಿ ಹಿನ್ನೆಲೆ ಬದಲಿಸಿ. ನನಗೆ ಕೆಲಸ ಕೊಡಿಸಿದ್ದು ನಮ್ಮ ಅವ್ವನ ಕೈಗಳ ಅಂಥದ್ದೇ ಒಂದು ಶಾಟ್. ನಿಮ್ಮದು ಮುಗಿದ ಮೇಲೆ ಇಲ್ಲೇ ಹಾಕಿ, ಯಾವ ಫ್ರೇಮಿನಲ್ಲಿ ಅಂಚು ನಡುಗುತ್ತಿದೆ ಎಂದು ನೋಡಿ ಹೇಳುತ್ತೇನೆ.